ಕೈಮರದಲ್ಲಿ ಎಂತ ಅಂಗಡಿ? ತೀರ್ಥಹಳ್ಳಿ ಸೀಮೆಯ ಒಂದು ಪ್ರಕರಣ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿ ಬಿಟ್ಟು ಒಳಗೆ ತಿರುಗಿದರೆ ಮೂರು ರಸ್ತೆ ಕೂಡುವ ಒಂದು ಕೈಮರ ಸಿಗುತ್ತದೆ. ಹಿರಿಯ ಪ್ರಾಥಮಿಕ ಶಾಲೆ, ಅಂಗನವಾಡಿ, ಹಾಲಿನ ಡೈರಿ, ಬಸ್ಸಿಗೆ ಕಾಯುವ ತಂಗುದಾಣ, ಬಾಗಿಲು ಹಾಕಿದ ಒಂದು ಹಳೆಯ ದಿನಸಿ ಅಂಗಡಿ, ಅಲ್ಲಿ ಕಣ್ಣಿಗೆ ಬೀಳುವುದು ಇಷ್ಟೇ. ಮನೆಗಳು ತೋಟದ ಆಚೆ, ಗದ್ದೆಯ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ ಚದುರಿಕೊಂಡಿವೆ. ಒಂದು ಮನೆಯಿಂದ ಇನ್ನೊಂದು ಮನೆಯ ದೀಪ ಕಾಣುವುದಿಲ್ಲ, ಆದರೆ ಎಲ್ಲರೂ ಬಸ್ಸು ಹತ್ತುವುದು ಇಲ್ಲೇ.

ಕೈಮರಕ್ಕೆ ಅಂಟಿಕೊಂಡ ಮನೆಯ ಹೆಂಗಸೊಬ್ಬರು ನಮ್ಮ ಸ್ವಸಹಾಯ ಸಂಘದ ಸದಸ್ಯೆ. ಅವರ ಯಜಮಾನರು ಕೊನೆಗಾರರು, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸುವವರು. ಮಳೆಗಾಲದಲ್ಲಿ ಔಷಧಿ ಹೊಡೆಯಲು, ಸುಗ್ಗಿಯಲ್ಲಿ ಕೊನೆ ಇಳಿಸಲು ಸುತ್ತಲಿನ ತೋಟಗಳಿಗೆಲ್ಲ ಅವರೇ ಬೇಕಿತ್ತು. ಮಂಡಿ ಸವೆದಿದೆ, ಇನ್ನು ಮರ ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಮನೆಯ ದುಡಿಮೆ ಅರ್ಧಕ್ಕೆ ಇಳಿಯಿತು. ರಸ್ತೆಗೆ ಮುಖ ಮಾಡಿದ ಜಗುಲಿ ಇದೆ, ಅಲ್ಲೊಂದು ಅಂಗಡಿ ಹಾಕುತ್ತೇವೆ, ಸಂಘದಿಂದ ಸಾಲ ಕೊಡಿ ಎಂದು ಆಕೆ ಕೇಳಿದರು. ಯಾವ ಅಂಗಡಿ ಎಂಬುದು ಮೊದಲು ಗಟ್ಟಿಯಾಗಲಿ ಎಂದು ಸಭೆಯಲ್ಲಿ ಎಲ್ಲರೂ ಹೇಳಿದರು. ಸಂಘದ ಪುಸ್ತಕ ಬರೆಯುವವಳು ನಾನಾದ್ದರಿಂದ ನೋಡಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಮನೆಯವರು ಬೇಡ ಎಂದಿರುವುದರಿಂದ ಹೆಸರು, ಊರು ಬರೆಯುತ್ತಿಲ್ಲ. ಆದರೆ ಇಂಥ ಕೈಮರ ಹೊಸನಗರ, ಸಾಗರ, ಕೊಪ್ಪ, ಶೃಂಗೇರಿಯಲ್ಲೂ ಇವೆ. ಅಲ್ಲೆಲ್ಲ ಸಂಘದ ಸಾಲ ಕೈಯಲ್ಲಿ ಹಿಡಿದು ಇದೇ ಯೋಚನೆಯಲ್ಲಿರುವ ಹೆಂಗಸರಿಗಾಗಿ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕೇಳಿದರೆ ಎಲ್ಲರೂ ದಿನಸಿ ಅಂಗಡಿ ಎಂದರು

ಮೊದಲು ಆಕೆಯೂ ನಾನೂ ಮನೆಮನೆಗೆ ಹೋಗಿ ಕೇಳಿದೆವು. ಒಬ್ಬರೂ ಬೇರೆ ಮಾತಾಡಲಿಲ್ಲ. ದಿನಸಿ ಅಂಗಡಿಯೇ ಬೇಕು, ಹಳೇ ಅಂಗಡಿ ಮುಚ್ಚಿದ ಮೇಲೆ ಬಹಳ ಕಷ್ಟವಾಗಿದೆ ಎಂದರು. ಹಾಗೆಂದ ಮನೆಗಳ ಅಡುಗೆಕೋಣೆಯಲ್ಲೇ ಪೇಟೆಯಿಂದ ತಂದ ತಿಂಗಳ ಸಾಮಾನು ಡಬ್ಬಿ ತುಂಬ ಇತ್ತು. ಒಬ್ಬ ಅಜ್ಜಿ ಮಾತ್ರ ಕಡ್ಡಿ ಮುರಿದಂತೆ ಹೇಳಿದರು: “ಅಂಗಡಿ ಇರ್ಲಿ ಮಾರಾಯ್ತಿ, ಇದ್ರೆ ಒಳ್ಳೇದೇ. ಸಾಮಾನು ಮಾತ್ರ ನಾವು ಪೇಟೆಯಿಂದಲೇ ತರೋದು. ಬೆಳಿಗ್ಗೆ ಗೌರ್ಮೆಂಟ್ ಬಸ್ಸಿಗೆ ದುಡ್ಡಿಲ್ಲ, ಅಲ್ಲಿ ರೇಟೂ ಕಡಿಮೆ.”

ಈ ಮಾತಿನಲ್ಲಿ ನಮಗೆ ಬೇಕಾದ್ದು ಅರ್ಧ ಸಿಕ್ಕಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಮಲೆನಾಡಿನಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು, ಅವುಗಳಿಗೆ ಇದು ಅನ್ವಯಿಸುವುದಿಲ್ಲ. ಈ ದಾರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಕೆಎಸ್‌ಆರ್‌ಟಿಸಿ ಬಸ್ಸು ಬರುತ್ತದೆ. ಹೆಂಗಸರು ಬ್ಯಾಂಕು, ಆಸ್ಪತ್ರೆ, ತಾಲ್ಲೂಕು ಕಚೇರಿ ಕೆಲಸವನ್ನೆಲ್ಲ ಒಂದು ದಿನಕ್ಕೆ ಕೂಡಿಟ್ಟು ಬೆಳಗಿನ ಬಸ್ಸಿಗೆ ಹೋಗಿ, ಚೀಲ ತುಂಬಿಕೊಂಡು ಸಂಜೆಯ ಬಸ್ಸಿಗೆ ಬರುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದರೂ ಅದನ್ನು ತೆಗೆಯುವುದು ಪೇಟೆಯಲ್ಲೇ, ಅದರಲ್ಲಿ ಖರ್ಚಾಗುವಷ್ಟು ಖರ್ಚಾಗುವುದೂ ಅಲ್ಲೇ. ಅಕ್ಕಿಯಂತೂ ಪಡಿತರದಲ್ಲಿ ಬರುತ್ತದೆ. ಅಕ್ಕಿಯೂ ಹೋಗದ, ತಿಂಗಳ ಸಾಮಾನೂ ಹೋಗದ ದಿನಸಿ ಅಂಗಡಿಗೆ ಉಳಿಯುವುದು ಏನು?

ಉತ್ತರ ಹಳೇ ಅಂಗಡಿಯವರಲ್ಲಿತ್ತು. ಅವರೀಗ ಶಿವಮೊಗ್ಗದ ವಿನೋಬನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಹೋಗಿ ಮಾತಾಡಿಸಿದೆ. ಹಿರಿಯರು ಬೇಸರಿಸದೆ ಉದ್ರಿ ಪುಸ್ತಕ ತೆಗೆದು ಮುಂದಿಟ್ಟರು. ಕೊನೆಯ ವರ್ಷಗಳ ಪುಟಗಳಲ್ಲಿ ಬೀಡಿ, ಗುಟ್ಕಾ, ಹತ್ತು ರೂಪಾಯಿಯ ಬಿಸ್ಕತ್ತು, ಶಾಂಪೂ ಪೊಟ್ಟಣ, ಮೇಣದ ಬತ್ತಿ ಬಿಟ್ಟರೆ ಹೆಚ್ಚೇನಿರಲಿಲ್ಲ. ಹತ್ತು ರೂಪಾಯಿ ಬಿಸ್ಕತ್ತಿನಲ್ಲಿ ಉಳಿಯುವುದು ಒಂದು ರೂಪಾಯಿಯ ಆಸುಪಾಸು. ಕಂಪನಿಯ ಲೈನ್ ಗಾಡಿ ಒಳರಸ್ತೆಗೆ ಬರುವುದಿಲ್ಲ, ಪೇಟೆಯ ಹೋಲ್‌ಸೇಲ್ ಅಂಗಡಿಯಿಂದ ತಂದರೆ ಬಾಡಿಗೆಗೆ ಅದೂ ಹೋಯಿತು. ಮೇಲೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮ ಕಡೆಯೂ ಅದರ ನೆರಳೇ. ಆಷಾಢದಲ್ಲಿ ಉಪ್ಪು ನೀರೊಡೆಯುತ್ತದೆ, ಬೆಲ್ಲ ಕರಗುತ್ತದೆ, ಬೆಂಕಿಕಡ್ಡಿ ಹೊತ್ತುವುದಿಲ್ಲ, ಕರೆಂಟು ಹೋದರೆ ಎರಡು ಮೂರು ದಿನ ಬಾರದೆ ಫ್ರಿಜ್ಜಿನಲ್ಲಿಟ್ಟದ್ದು ತಿಪ್ಪೆಗೆ.

ಬೀಡಿ ಗುಟ್ಕಾ ಇಟ್ಟರೆ ಜನ ದಿನಾ ಬರುತ್ತಾರೆ, ಬಂದವರು ಬೇರೆಯದನ್ನೂ ಕೊಳ್ಳುತ್ತಾರೆ ಎಂದು ಸಂಘದ ಸಭೆಯಲ್ಲಿ ಒಬ್ಬರು ಹೇಳಿದರು. ವ್ಯಾಪಾರದ ಮಾತಾಗಿ ಅದು ಸುಳ್ಳಲ್ಲ. ಆದರೆ ಜಗುಲಿಗೂ ಶಾಲೆಯ ಗೇಟಿಗೂ ನಡುವೆ ಒಂದು ರಸ್ತೆಯಷ್ಟೇ ಅಂತರ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾಯ್ದೆ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಆ ಮಕ್ಕಳ ಕಣ್ಣೆದುರು ಗುಟ್ಕಾದ ಸರ ತೂಗುಹಾಕಲು ಸಂಘದ ದುಡ್ಡು ಕೊಡಬಾರದು ಎಂದು ನಾನು ಹಟ ಹಿಡಿದೆ. ಇವತ್ತಿಗೂ ಆ ಮಾತಿಗೆ ಬದ್ಧಳಾಗಿದ್ದೇನೆ.

ಪೇಟೆಗೆ ಎಂತಕ್ಕೆ ಹೋದ್ರಿ?

ಯಾವ ಅಂಗಡಿ ಬೇಕು ಎಂದು ಕೇಳುವುದನ್ನು ಬಿಟ್ಟೆವು. “ಕಡೇ ಸಲ ಪೇಟೆಗೆ ಹೋಗಿದ್ದು ಎಂತಕ್ಕೆ? ಆವತ್ತು ತೋಟದಲ್ಲಿ ಕೆಲಸ ಇತ್ತಾ?” ಎಂದು ಕೇಳತೊಡಗಿದೆವು. ಮಾತು ಬೇರೆ ಕಡೆ ಹರಿಯಿತು. ಅಲ್ಲಿಯವರೆಗೆ ಒಳಗೆ ಕೂತಿದ್ದ ಗಂಡಸರೂ ಜಗುಲಿಗೆ ಬಂದರು.

ಒಬ್ಬರು ಕಳೆ ಕತ್ತರಿಸುವ ಮಿಷನ್ನಿನ, ಅಂದರೆ ವೀಡ್ ಕಟರಿನ, ನೈಲಾನ್ ದಾರ ಮುಗಿಯಿತೆಂದು ಹೋಗಿದ್ದರು. ಇನ್ನೊಬ್ಬರ ಮಿಷನ್ನಿನ ಸ್ಟಾರ್ಟರ್ ಹಗ್ಗ ತುಂಡಾಗಿತ್ತು. ಔಷಧಿ ಹೊಡೆಯುವ ದಿನ ಪಂಪಿನ ವಾಷರ್ ಹರಿದು, ದ್ರಾವಣ ಡ್ರಮ್ಮಿನಲ್ಲೇ ಉಳಿದ ಮನೆ ಒಂದು. ಬೇಸಿಗೆಯಲ್ಲಿ ಪಂಪಿನ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಸಿಕ್ಕಿ ನೀರು ಏರದೆ, ಮೂರು ದಿನ ತೋಟಕ್ಕೆ ನೀರಿಲ್ಲದ ಮನೆ ಇನ್ನೊಂದು. ಒಡೆದ ಪಿವಿಸಿ ಪೈಪಿಗೆ ಒಂದು ಕಪ್ಲಿಂಗ್ ಮತ್ತು ಸೊಲ್ಯೂಷನ್ ಡಬ್ಬಿ ತರಲು ನಡುಮಧ್ಯಾಹ್ನ ಬೈಕು ಹತ್ತಿದವರಂತೂ ಹಲವರು. ವಸ್ತುವಿನ ಬೆಲೆ ಮೂವತ್ತು, ಎಂಬತ್ತು, ನೂರೈವತ್ತು. ತರುವಷ್ಟರಲ್ಲಿ ಇಬ್ಬರು ಆಳು ಅರ್ಧ ದಿನ ಸುಮ್ಮನೆ ಕೂತಿರುತ್ತಾರೆ, ಅವರ ಕೂಲಿ ಕೊಡಲೇಬೇಕು. ಆಳು ಸಿಗುವುದೇ ದುಸ್ತರವಾದ ಕಾಲದಲ್ಲಿ ಮಾರನೆಯ ದಿನ ಅವರು ಬೇರೆ ತೋಟಕ್ಕೆ ಒಪ್ಪಿಕೊಂಡಿದ್ದರೆ ಕೆಲಸ ವಾರ ಮುಂದೆ ಹೋಯಿತು.

ಎರಡು ಪ್ರಯಾಣಗಳ ವ್ಯತ್ಯಾಸ ಇಲ್ಲಿ ನಿಚ್ಚಳವಾಯಿತು. ದಿನಸಿಗಾಗಿ ಯಾರೂ ಪೇಟೆಗೆ ಹೋಗುವುದಿಲ್ಲ, ಬೇರೆ ಕೆಲಸಕ್ಕೆ ಹೋದವರು ದಿನಸಿ ತರುತ್ತಾರೆ. ಆ ಪ್ರಯಾಣವನ್ನು ನಮ್ಮ ಅಂಗಡಿ ತಪ್ಪಿಸಲಾರದು. ವಾಷರಿಗಾಗಿ ಹೋದವರು ವಾಷರಿಗಾಗಿಯೇ ಹೋದವರು, ಅದೂ ಕೆಲಸ ನಿಲ್ಲಿಸಿ, ಪೆಟ್ರೋಲು ಸುಟ್ಟುಕೊಂಡು. ಆ ಪ್ರಯಾಣವನ್ನು ತಪ್ಪಿಸುವ ಅಂಗಡಿ ಪೇಟೆಗಿಂತ ಐದು ರೂಪಾಯಿ ಹೆಚ್ಚು ಕೇಳಿದರೂ ಯಾರೂ ಚೌಕಾಸಿ ಮಾಡುವುದಿಲ್ಲ. ಜನ ಬಾಯಲ್ಲಿ ಕೇಳಿದ ಅಂಗಡಿಗೂ ಅವರ ಕೆಲಸ ಕೇಳುತ್ತಿದ್ದ ಅಂಗಡಿಗೂ ಇಷ್ಟು ದೂರವಿತ್ತು.

ಇನ್ನೊಂದು ಸಂಗತಿ ಮನೆಯೊಳಗೇ ಇತ್ತು. ಯಜಮಾನರು ಇಪ್ಪತ್ತು ವರ್ಷ ಸುತ್ತಲಿನ ತೋಟಗಳಲ್ಲಿ ದುಡಿದವರು. ಯಾರ ಪಂಪು ಎಲ್ಲಿ ಸೋರುತ್ತದೆ, ಯಾರ ಮಿಷನ್ನು ಎಷ್ಟು ಎಳೆದರೆ ಚಾಲೂ ಆಗುತ್ತದೆ ಎಲ್ಲ ಗೊತ್ತು. ಕೆಟ್ಟ ವೀಡ್ ಕಟರನ್ನು ಜನ ಮೊದಲೇ ಅವರ ಅಂಗಳಕ್ಕೆ ತಂದು ಇಳಿಸುತ್ತಿದ್ದರು, ಅವರು ಪುಕ್ಕಟೆಯಾಗಿ ಬಿಚ್ಚಿ ನೋಡಿ ‘ಪ್ಲಗ್ ಹೋಗಿದೆ, ಪೇಟೆಯಿಂದ ತನ್ನಿ’ ಎಂದು ಕಳಿಸುತ್ತಿದ್ದರು. ಆ ಪ್ಲಗ್ಗು ಅಲ್ಲೇ ಇದ್ದರೆ?

ಕೈಬಿಟ್ಟ ಯೋಚನೆಗಳು

ಕ್ಯಾಂಟೀನು ಬೇಗ ಬಿದ್ದುಹೋಯಿತು. ಆಗುಂಬೆ, ಕುಂದಾದ್ರಿ, ಕವಲೇದುರ್ಗದ ಪ್ರವಾಸಿಗರು ನಮ್ಮ ಒಳದಾರಿಗೆ ಬರುವುದಿಲ್ಲ. ಜೆರಾಕ್ಸ್, ಆನ್‌ಲೈನ್ ಅರ್ಜಿಗೆ ಪಂಚಾಯಿತಿ ಊರಿನಲ್ಲಿ ಗ್ರಾಮ ಒನ್ ಇದೆ, ಇಲ್ಲಿ ನೆಟ್‌ವರ್ಕಿಗೆ ಗುಡ್ಡ ಹತ್ತಬೇಕು.

ಮೆಡಿಕಲ್ ಶಾಪಿನ ಯೋಚನೆ ಬಿಡುವಾಗ ಮಾತ್ರ ಮನಸ್ಸಿಗೆ ನೋವಾಯಿತು. ಮಕ್ಕಳು ಬೆಂಗಳೂರು ಸೇರಿ, ಮನೆಯಲ್ಲಿ ಇಬ್ಬರೇ ಉಳಿದ ವಯಸ್ಸಾದವರು ಈ ಕಡೆ ಬಹಳ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದರೆ ಬಸ್ಸಿಗೆ ಕಾಯಬೇಕು. ಊರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅದೇ ಇರಬಹುದು. ಆದರೆ ಔಷಧ ಚಿಲ್ಲರೆ ಮಾರಾಟದ ಲೈಸೆನ್ಸಿಗೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ನೋಂದಾಯಿತ ಫಾರ್ಮಾಸಿಸ್ಟ್ ಇರಬೇಕು. ಜಗುಲಿಯನ್ನು ವಿಸ್ತರಿಸಬಹುದು, ಫಾರ್ಮಾಸಿಸ್ಟನ್ನು ಎಲ್ಲಿಂದ ತರುವುದು? ಯಾರದೋ ಸರ್ಟಿಫಿಕೇಟ್ ಬಾಡಿಗೆಗೆ ತಂದು ಗೋಡೆಗೆ ತೂಗುಹಾಕುವ ಸಲಹೆಯೂ ಬಂತು. ಅದು ಕಾನೂನಿಗೆ ವಿರುದ್ಧ, ಮೇಲಾಗಿ ಮಾತ್ರೆ ತಪ್ಪಿದರೆ ಜೀವ ಹೋಗುತ್ತದೆ. ಬೇಡವೇ ಬೇಡ ಎಂದು ನಿಲ್ಲಿಸಿದೆವು.

ವರ್ಷದ ಸುತ್ತು

ಬಿಡಿಭಾಗ ಮತ್ತು ರಿಪೇರಿ ಅಂಗಡಿ ಎಂದು ಒಪ್ಪಿದ ಮೇಲೆ ಆಕೆಗೆ ಒಂದೇ ಅಂಜಿಕೆ. “ಅಕ್ಕಾ, ವರ್ಷಪೂರ್ತಿ ನಡೀತದಾ ಇದು? ಮಳೆ ಹಿಡಿದ್ರೆ ಪಂಪು ಯಾರು ಕೇಳ್ತಾರೆ?” ಅದಕ್ಕೇ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ತೋಟದ ವರ್ಷವನ್ನು ತಿಂಗಳು ತಿಂಗಳಾಗಿ ಬರೆದೆವು. ಯಜಮಾನರು ಹೇಳುತ್ತಾ ಹೋದರು, ನಾವು ಬರೆದೆವು.

ಮೇ ಕೊನೆ, ಜೂನ್ ಮೊದಲಿಗೆ ಅಡಿಕೆಕಾಯಿ ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಕಾಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು, ಇದು ಎಲ್ಲರಿಗೂ ಬಾಯಿಪಾಠ. ಸುಣ್ಣ ಸರಿಯಾಗಿ ಸೋಸದಿದ್ದರೆ ನಾಝಲ್ ಕಟ್ಟುತ್ತದೆ. ಒಂದು ಹೊಡೆತ ಆದ ಮೇಲೆ 40-45 ದಿನಕ್ಕೆ ಎರಡನೆಯದು, ಮಳೆ ಎಳೆದರೆ ಮತ್ತೊಂದು. ಮಳೆ ಒಂದು ಹೊತ್ತು ಬಿಟ್ಟಾಗ ಹೊಡೆಯಬೇಕು, ಆ ಹೊತ್ತಿಗೇ ವಾಷರ್ ಹೋದರೆ ಕೊಳೆ ಇಳಿದೇ ಬಿಡುತ್ತದೆ. ಈಗ ಮರ ಹತ್ತುವವರು ಕಡಿಮೆಯಾಗಿ, ನೆಲದ ಮೇಲೆ ನಿಂತೇ ಔಷಧಿ ಹೊಡೆಯಲು ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದಿದೆ, ಅದಕ್ಕೂ ಹೋಸು, ಕ್ಲಿಪ್ಪು, ನಾಝಲ್ ಬೇಕು. ಹಾಗಾಗಿ ಆಕೆ ಹೆದರಿದ್ದ ಮಳೆಗಾಲವೇ ಜೋರು ವ್ಯಾಪಾರದ ಕಾಲ ಎಂದಾಯಿತು. ಜುಲೈಯಲ್ಲಿ ನಟ್ಟಿ, ಟಿಲ್ಲರಿನ ಸಣ್ಣಪುಟ್ಟ ಸಾಮಾನು. ಮಳೆ ತಗ್ಗಿದ ಮೇಲೆ ಸುಗ್ಗಿಗೆ ಮುಂಚೆ ತೋಟದ ಕಳೆ ಹೊಡೆಯಬೇಕು. ಅಕ್ಟೋಬರಿನಿಂದ ಜನವರಿವರೆಗೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆಗ ಸುಲಿಯುವ ಮಿಷನ್ನಿನ ಬೆಲ್ಟು, ಬೇರಿಂಗು, ಹಗ್ಗ, ಚೀಲ, ಟಾರ್ಪಲ್ ಬೇಕು, ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಸಾಣೆ ಹಿಡಿಯಬೇಕು. ಫೆಬ್ರವರಿಯಿಂದ ಮಳೆ ಬರುವ ತನಕ ನೀರಾವರಿ, ಅಂದರೆ ಪೈಪು, ಜೆಟ್ಟು, ಫುಟ್‌ವಾಲ್ವ್, ಮೋಟಾರಿನ ಫ್ಯೂಸು.

ಆಮೇಲೆ ಮಾಡಿದ ಒಂದು ಕೆಲಸ ಈ ಇಡೀ ಪ್ರಯತ್ನದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು, ಬೇರೆಯವರೂ ಮಾಡಬೇಕು ಎಂದು ಒತ್ತಿ ಹೇಳುತ್ತೇನೆ. ಆಕೆ ಒಂದು ನೋಟ್‌ಬುಕ್ ಹಿಡಿದು ಮತ್ತೆ ಮನೆಮನೆಗೆ ಹೋಗಿ, ಯಾರ ಮನೆಯಲ್ಲಿ ಯಾವ ಮಿಷನ್ನು, ಯಾವ ಕಂಪನಿ, ಯಾವ ಮಾಡೆಲ್, ಪೈಪು ಎಷ್ಟು ಇಂಚು ಎಂದು ಬರೆದುಕೊಂಡು ಬಂದರು. ಫೋರ್ ಸ್ಟ್ರೋಕ್ ಮಿಷನ್ನುಗಳು ಬೇರೆ, ಟೂ ಸ್ಟ್ರೋಕ್ ಬೇರೆ, ಕಡಿಮೆ ಬೆಲೆಯ ಚೈನಾ ಮಿಷನ್ನುಗಳು ಬೇರೆ. ಒಂದರ ಕಾರ್ಬೊರೇಟರ್ ಕಿಟ್ ಇನ್ನೊಂದಕ್ಕೆ ಕೂರುವುದಿಲ್ಲ. ಪೇಟೆಯ ಅಂಗಡಿಯವರು ಎಲ್ಲ ಕಂಪನಿಯದ್ದೂ ಇಡಬೇಕು, ಆಕೆಗೆ ತನ್ನ ಸುತ್ತಲಿನ ಮನೆಗಳಲ್ಲಿ ಇರುವುದಕ್ಕೆ ಬೇಕಾದಷ್ಟು ಇಟ್ಟರೆ ಸಾಕು. ಕಡಿಮೆ ಬಂಡವಾಳದಲ್ಲಿ ಅಂಗಡಿ ಸಾಧ್ಯವಾದದ್ದು ಆ ನೋಟ್‌ಬುಕ್ಕಿನಿಂದ.

ಯಾವುದನ್ನು ಇಡಬಾರದು

ಮೈಲುತುತ್ತ, ಗೊಬ್ಬರ, ಕಳೆನಾಶಕವನ್ನೂ ಇಡೋಣ ಎಂದು ಯಜಮಾನರ ಆಸೆ. ಕೀಟನಾಶಕ, ಶಿಲೀಂಧ್ರನಾಶಕ ಮಾರಲು 1968ರ ಕೀಟನಾಶಕ ಕಾಯ್ದೆಯ ಲೈಸೆನ್ಸ್ ಬೇಕು, ಅದಕ್ಕೆ ನಿಗದಿಯಾದ ಓದೂ ಬೇಕು. ಗೊಬ್ಬರಕ್ಕೆ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ಬೇರೆ ಅನುಮತಿ. ಇವನ್ನೆಲ್ಲ ಸಹಕಾರ ಸಂಘದಲ್ಲಿ ಸದಸ್ಯರಿಗೆ ಕೊಡುತ್ತಾರೆ, ಸೊಸೈಟಿಯ ಎದುರು ನಿಲ್ಲುವ ಅಗತ್ಯವೂ ನಮಗಿಲ್ಲ. ಬಾಟಲಿಯಲ್ಲಿ ಪೆಟ್ರೋಲು ಮಾರಿ ಎಂದು ಹಲವರು ಕೇಳಿದರು. ಕಳೆ ಹೊಡೆಯುವವರಿಗೆ ಅದರ ಅಗತ್ಯ ಎಷ್ಟಿದೆ ಎಂದು ಬಲ್ಲೆ. ಲೈಸೆನ್ಸ್ ಇಲ್ಲದೆ ಮಾರುವುದು ಅಪರಾಧ, ಅದೂ ಒಲೆ ಉರಿಯುವ ಮನೆಯ ಜಗುಲಿಯಲ್ಲಿ! ಟೂ ಸ್ಟ್ರೋಕ್ ಆಯಿಲ್ ಮಾತ್ರ ಇಟ್ಟರು. ಕೆಲವು ಮಿಷನ್ನಿಗೆ 1:25, ಕೆಲವಕ್ಕೆ 1:50 ಮಿಶ್ರಣ. ಯಾರ ಮನೆಯದ್ದಕ್ಕೆ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿದೆ, ಕೇಳಿದವರಿಗೆ ಅಳತೆ ಹೇಳಿಯೇ ಕೊಡುತ್ತಾರೆ. ಆಯಿಲ್ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಂಡರೆ ಆ ರಿಪೇರಿ ದುಬಾರಿ.

ದುಡ್ಡು ಮತ್ತು ಉದ್ರಿ

ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಅದರ ಮೇಲೆ 5 ಲಕ್ಷದವರೆಗಿನ ಕಿಶೋರ್ ವಿಭಾಗಕ್ಕೇ ಹೋಗಿ ಎಂದು ಕೆಲವರು ಹುರಿದುಂಬಿಸಿದರು. ನಾನು ತಡೆದೆ. ಶಿಶು ಸಾಲ, ಸಂಘದ ಒಂದು ಸಣ್ಣ ಸಾಲ, ಎರಡರಲ್ಲೇ ಶುರು ಮಾಡಿದರು. ಹೆಚ್ಚುಕಡಿಮೆ ಅರ್ಧ ಸರಕಿಗೆ ಹೋಯಿತು. ವೈಸು, ಸ್ಪ್ಯಾನರ್ ಸೆಟ್ಟು, ಗ್ರೈಂಡರು ಸೇರಿ ಹತ್ಯಾರಿಗೆ ಒಂದಿಷ್ಟು. ಉಳಿದದ್ದನ್ನು ಮುಟ್ಟದೆ ಇಟ್ಟುಕೊಂಡರು, ಯಾಕೆಂದರೆ ಮೊದಲ ಋತುವಿನಲ್ಲಿ ಏನು ಬೇಗ ಖಾಲಿಯಾಗುತ್ತದೆ ಎಂದು ಯಾರಿಗೂ ಮೊದಲೇ ತಿಳಿಯುವುದಿಲ್ಲ.

ಉದ್ರಿಯ ಮಾತಿಗೆ ಬಹಳ ಹೊತ್ತು ಕೂತೆವು. ಹಳೇ ಅಂಗಡಿಯನ್ನು ತಿಂದದ್ದು ಬಸ್ಸಿಗಿಂತ ಹೆಚ್ಚಾಗಿ ಉದ್ರಿಯೇ. ಅಡಿಕೆ ಬೆಳೆಗಾರರ ಕೈಗೆ ದುಡ್ಡು ಬರುವುದು ಮಂಡಿಗೆ ಅಡಿಕೆ ಹಾಕಿದ ಮೇಲೆ, ಅಲ್ಲಿಯ ತನಕ ‘ಸುಗ್ಗಿಗೆ ಕೊಡ್ತೀನಿ’ ಎನ್ನುವುದು ಇಲ್ಲಿ ನಡೆದುಬಂದ ರೀತಿ. ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ. ಉದ್ರಿ ಇಲ್ಲವೇ ಇಲ್ಲ ಎಂದು ಬೋರ್ಡು ಹಾಕಿದರೆ ನೆಂಟಸ್ತಿಕೆಯೂ ಕೆಡುತ್ತದೆ, ವ್ಯಾಪಾರವೂ. ಕೊನೆಗೆ ಆಕೆಯೇ ಒಂದು ದಾರಿ ಹೇಳಿದರು: ಸಾಮಾನಿಗೆ ನಗದು, ರಿಪೇರಿ ಕೂಲಿಗೆ ಬೇಕಾದರೆ ಉದ್ರಿ. ಸಾಮಾನಿನ ದುಡ್ಡು ಪೇಟೆಯವರಿಗೆ ಕೊಡಬೇಕಾದದ್ದು, ಅದು ನಿಂತರೆ ಮುಂದಿನ ಸರಕು ಬರುವುದಿಲ್ಲ. ಕೂಲಿ ತಮ್ಮದು, ಅದು ಸುಗ್ಗಿಯ ತನಕ ಕಾಯಬಲ್ಲದು. ಇಷ್ಟು ವರ್ಷ ಸಂಘದ ಲೆಕ್ಕ ನೋಡಿದ್ದೇನೆ, ಇದಕ್ಕಿಂತ ಜಾಣ ಏರ್ಪಾಡು ಕಂಡಿಲ್ಲ.

ಕ್ಯೂಆರ್ ಕೋಡ್ ಇಡಲು ಆಕೆ ಹೆದರಿದ್ದರು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸು ಬಂದ ಸುದ್ದಿ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ರಿಪೇರಿಯಂಥ ಸೇವೆಯೂ ಇದ್ದರೆ 20 ಲಕ್ಷ ವಹಿವಾಟು ಮೀರಿದಾಗ ಜಿಎಸ್‌ಟಿ ನೋಂದಣಿ ಕಡ್ಡಾಯ. ಈ ಅಂಗಡಿ ಆ ಗಡಿಯ ಹತ್ತಿರಕ್ಕೂ ಹೋಗುವುದಿಲ್ಲ. ಕೊಂಡ ಬಿಲ್ಲು ಜೋಡಿಸಿಡಿ, ಮನೆಯ ಹಣ ಮತ್ತು ಅಂಗಡಿಯ ಹಣ ಒಂದೇ ಖಾತೆಯಲ್ಲಿ ಬೆರೆಸಬೇಡಿ ಎಂದೆ. ಕೋಡ್ ಇಟ್ಟರು.

ತೆರೆದ ಮೇಲೆ

ಅಂಗಡಿ ತೆರೆಯುವ ಮುಂಚೆ ಯಜಮಾನರು ಪರಿಚಯದ ಮೆಕ್ಯಾನಿಕ್ ಒಬ್ಬರ ಹತ್ತಿರ ಕೆಲವು ವಾರ ಕೂತು ಕಾರ್ಬೊರೇಟರ್ ಕೆಲಸ ಕಲಿತು ಬಂದರು. ಬಾಗಿಲು ತೆರೆದದ್ದು ಮಳೆ ಹಿಡಿಯುವ ಸ್ವಲ್ಪ ಮುಂಚೆ. ನೈಲಾನ್ ದಾರ, ವಾಷರು, ಪ್ಲಗ್ಗು ನಾವು ಎಣಿಸಿದ್ದಕ್ಕಿಂತ ಬೇಗ ಹೋದವು. ಟಾರ್ಪಲ್ ನಿಂತಿತು. ಅದನ್ನು ಜನ ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಕೊಳ್ಳುತ್ತಾರೆ, ಅವಸರದ ವಸ್ತುವಲ್ಲ. ನೋಡಿದರೆ ಅದೂ ನಮ್ಮ ಲೆಕ್ಕಕ್ಕೇ ಸರಿಯಾಗಿತ್ತು: ಕೆಲಸ ನಿಲ್ಲಿಸದ ವಸ್ತು ಇಲ್ಲಿ ಹೋಗುವುದಿಲ್ಲ.

ಒಳಗೋಡೆಯ ಕಪಾಟು ಬೇರೆ. ಮನೆಮನೆ ಸುತ್ತುವಾಗ ಹೆಂಗಸರು, ಗಂಡಸರು ಎದ್ದು ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದ್ದು ಪ್ಯಾಡಿನ ವಿಷಯ. ಹಳೇ ಅಂಗಡಿಯಲ್ಲಿ ಅದು ಇತ್ತಂತೆ, ಆದರೆ ನಾಲ್ಕು ಗಂಡಸರು ಬೆಂಚಿನ ಮೇಲೆ ಕೂತಿರುವಾಗ ಯಾವ ಹುಡುಗಿ ಕೇಳುತ್ತಾಳೆ? ಈಗ ಅಂಗಳದ ಕಡೆಯಿಂದ ಅಡುಗೆಕೋಣೆಗೆ ಬಂದು ತೆಗೆದುಕೊಂಡು ಹೋಗುತ್ತಾರೆ. ಲಾಭ ದೊಡ್ಡದಲ್ಲ. ಆದರೂ ಏಳನೇ ತರಗತಿಯ ಹುಡುಗಿಯರು ಶಾಲೆಯ ಬಿಡುವಿನಲ್ಲಿ ಸಂಕೋಚವಿಲ್ಲದೆ ಬರುವುದನ್ನು ನೋಡಿದಾಗ, ಅಂಗಡಿಯ ಹಿಂಬಾಗಿಲಿಗೂ ನಾವು ಯೋಚನೆ ಕೊಟ್ಟದ್ದು ಒಳ್ಳೆಯದಾಯಿತು ಎನ್ನಿಸುತ್ತದೆ. ಅದೇ ಕಪಾಟಿನಲ್ಲಿ ಮೇಣದ ಬತ್ತಿ, ಸೆಲ್ಲು, ಗಾಳಿಯಾಡದ ಡಬ್ಬಿಯಲ್ಲಿ ಬೆಂಕಿಪೊಟ್ಟಣ, ಮೊಟ್ಟೆ ಇವೆ. ದಿನಸಿ ಅಂದರೆ ಅಷ್ಟೇ.

ಈಗ ಮುಂದಿರುವ ಪ್ರಶ್ನೆ ಬಾಡಿಗೆಯದ್ದು. ಕಾರ್ಬನ್ ಫೈಬರ್ ದೋಟಿ ಸಣ್ಣ ಹಿಡುವಳಿದಾರರ ಕೈಗೆಟುಕುವ ಬೆಲೆಯದ್ದಲ್ಲ. ಒಂದು ಕೊಂಡು ದಿನಬಾಡಿಗೆಗೆ ಕೊಡಿ, ಹೇಗೆ ಹಿಡಿಯಬೇಕೆಂದು ಯಜಮಾನರೇ ಕಲಿಸಲಿ ಎಂದು ಐದಾರು ಮನೆಯವರು ಕೇಳಿದ್ದಾರೆ. ಅದಕ್ಕೆ ಎರಡನೇ ಸಾಲ ಬೇಕು. ಔಷಧಿ ಹೊಡೆಯುವುದು ಎಲ್ಲರಿಗೂ ಒಂದೇ ವಾರ ಬರುವುದರಿಂದ ಸರದಿ ಯಾರಿಗೆ ಮೊದಲು, ಕರೆಂಟು ತಂತಿಗೆ ತಾಗದಂತೆ ನೋಡಿಕೊಳ್ಳುವ ಜವಾಬ್ದಾರಿ ಯಾರದು, ದೋಟಿ ಮುರಿದರೆ ಖರ್ಚು ಯಾರ ತಲೆಗೆ ಎಂಬ ಮೂರನ್ನೂ ಕಾಗದದ ಮೇಲೆ ಬರೆದು, ಕೇಳಿದ ಮನೆಗಳವರ ಸಹಿ ಹಾಕಿಸಿ ತನ್ನಿ, ಆಮೇಲೆ ಸಾಲದ ಅರ್ಜಿ ಸಭೆಗೆ ಇಡೋಣ ಎಂದು ಹೇಳಿ ಬಂದಿದ್ದೇನೆ.